ಹನ್ನೆರಡು ಚೊಕ್ಕ ಆಕಾಶಗಳು

ಬೀದಿಯವರು ಅವನನ್ನು ‘ಅಲ್ಲಾಡಬೇಡಿ’ ಎಂದು ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ನೀಲಿ ಬಟ್ಟೆಯ ಮುಂದೆ, ಒಂದೇ ಸ್ಟೂಲಿನ ಮೇಲೆ ಕೂತವರಿಗೆಲ್ಲ ಆ ಒಂದೇ ಮಾತು ಹೇಳಿದವನು ಅವನು. ಪಾಸ್‌ಪೋರ್ಟಿಗೆ ಬಂದವರು, ಪರೀಕ್ಷೆಗೆ ಬಂದವರು, ಪಿಂಚಣಿಗೆ ಬಂದವರು, ಪೊಲೀಸರು ಕಳಿಸಿದ್ದಕ್ಕೆ ಬಂದವರು, ಹೀಗೆ ಊರಿನ ಮುಕ್ಕಾಲು ಪಾಲು ಜನ ಅವನ ಅಪ್ಪಣೆಗೆ ಒಮ್ಮೆಯಾದರೂ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎಂಟಡಿ ಅಗಲ, ಹತ್ತಡಿ ಉದ್ದದ ರಾಜ್ಯಕ್ಕೆ ಇಷ್ಟು ವಿಧೇಯ ಪ್ರಜೆಗಳನ್ನು ಪಡೆದ ದೊರೆ ಚರಿತ್ರೆಯಲ್ಲಿ ಇನ್ನೊಬ್ಬ ಇರಲಾರ. ಆ ಪ್ರಜೆಗಳಲ್ಲಿ ಒಬ್ಬರೂ ನಕ್ಕವರಲ್ಲ, ಅದು ಬೇರೆ ಮಾತು. ನಕ್ಕರೆ ಫೋಟೋ ಕಚೇರಿಯಿಂದ ವಾಪಸ್ ಬರುತ್ತಿತ್ತು.

ಸಿಂಹಾಸನದ ಹಿಂದೆ ಒಂದು ಪರದೆ, ಪರದೆಯ ಹಿಂದೆ ಇನ್ನೊಂದು ಕೋಣೆ. ರಾಜ್ಯದ ನಿಜವಾದ ಆಡಳಿತ ಅಲ್ಲಿತ್ತು. ಅಲ್ಲಿ ಕೂರುತ್ತಿದ್ದವಳು ಅವನ ಹೆಂಡತಿ. ಅವಳನ್ನು ಬೀದಿಯವರು ‘ಮೊಡವೆ ಡಾಕ್ಟ್ರು’ ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ, ಆಮೇಲೆ ಕಂಪ್ಯೂಟರಿನ ಇಲಿಯಿಂದ ಅವಳು ವಾಸಿಮಾಡಿದ ಮೊಡವೆ, ಮಚ್ಚೆ, ಗಾಯದ ಗುರುತು, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಇವುಗಳ ಲೆಕ್ಕ ಯಾವ ಆಸ್ಪತ್ರೆಯೂ ಇಡಲಾರದು. ಚುಕ್ಕೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಮಾತಾಡುತ್ತಾ ಮಾತಾಡುತ್ತಾ ಅವರ ಮೇಜಿನ ಮೇಲಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಒಮ್ಮೆ ಹಾಗೆ ಕೆರೆದದ್ದು ಮೇಜುಬಟ್ಟೆಯ ಹೂವಿನ ನಡುವಿನ ಚುಕ್ಕಿ. ನೆಂಟಸ್ತಿಕೆ ಉಳಿಯಿತು, ಬಟ್ಟೆ ಉಳಿಯಲಿಲ್ಲ.

ಈ ಎರಡು ಕೋಣೆಗಳ ನಡುವೆ ಒಂದು ಕಾನೂನಿತ್ತು. ಅದನ್ನು ಮಾಡಿದವನು ಅಂಗಡಿ ತೆರೆದವನು, ಅಂದರೆ ಅಲ್ಲಾಡಬೇಡಿಯ ಅಪ್ಪ. ಅವನು ತನ್ನ ತಮ್ಮನನ್ನು ಸೇರಿಸಿಕೊಂಡು ಅಂಗಡಿ ಶುರುಮಾಡಿದ್ದ. ಅಣ್ಣ ಫೋಟೋ ಹೊಡೆಯುವುದು, ತಮ್ಮ ಕತ್ತಲೆ ಕೋಣೆಯಲ್ಲಿ ತೊಳೆಯುವುದು. ನೀನು ಹೊಡೆದದ್ದು ಸರಿಯಿಲ್ಲ, ನೀನು ತೊಳೆದದ್ದು ಸರಿಯಿಲ್ಲ ಎಂದು ಆರೇ ತಿಂಗಳಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಸಾಯುವವರೆಗೂ ನೋಡಲಿಲ್ಲ. ಆ ಪೆಟ್ಟಿನಿಂದ ಹುಟ್ಟಿದ ಕಾನೂನು ಮೂರು ಸಾಲಿನದು: ಹೊಡೆದವನು ತೊಳೆಯುವ ಕೋಣೆಗೆ ಕಾಲಿಡಬಾರದು, ತೊಳೆದವರು ಹೊಡೆದವನ ತಪ್ಪು ಎತ್ತಿ ಆಡಬಾರದು, ಲಕೋಟೆಗೆ ಗೋಂದು ಬಿದ್ದ ಮೇಲೆ ಗಿರಾಕಿಯೇ ಒಡೆಯಬೇಕು. ಮಗ ಸೊಸೆ ಇಬ್ಬರೂ ಇದನ್ನು ಚಾಚೂ ತಪ್ಪದೆ ಪಾಲಿಸಿದರು. ಗಂಡ ಹೆಂಡತಿ ಇಡೀ ದಿನ ಒಂದೇ ಸೂರಿನಡಿ ದುಡಿದೂ ಜಗಳವಾಡದೆ ಇರುವುದು ಹೇಗೆ ಎಂದು ಎದುರಿನ ಕಟಿಂಗ್ ಶಾಪಿನವನು ಕೇಳಿದಾಗ ಅಲ್ಲಾಡಬೇಡಿ ಪರದೆಯತ್ತ ಬೆರಳು ತೋರಿಸಿ, “ಇದು ಹತ್ತು ಗಜ ಬಟ್ಟೆ ಕಣಯ್ಯ, ಇದೇ ನಮ್ಮ ಸಂಸಾರ” ಎಂದಿದ್ದ.

ಕ್ಯಾಮೆರಾ ಹಳೆಯದಾಯಿತು. ಬೆನ್ನ ಮೇಲಿನ ಪುಟ್ಟ ಪರದೆ ಎಂದೋ ಕುರುಡಾಗಿತ್ತು. ಹೊಡೆದದ್ದು ಹೇಗೆ ಬಂತೆಂದು ಅದರಲ್ಲಿ ಕಾಣುತ್ತಿರಲಿಲ್ಲ. ಅಲ್ಲಾಡಬೇಡಿಗೆ ಅದರ ಚಿಂತೆಯಿಲ್ಲ, ಮುಖ ನೋಡಿ ಹೊಡೆಯುವವನಿಗೆ ಇನ್ನೊಂದು ಕಣ್ಣೇಕೆ? ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಅದರ ಮೈಯೆಲ್ಲ ಒರೆಸಿ, “ಎಂಟು ವರ್ಷ ಆಯ್ತು, ಒಂದು ಕಣ ಧೂಳಿಲ್ಲ” ಎಂದು ಬೀಗುತ್ತಿದ್ದ. ಧೂಳಿದ್ದದ್ದು ಒಳಗೆ. ಪ್ರತಿ ಫೋಟೋದಲ್ಲೂ ಬಲಗಿವಿಯ ಮೇಲೊಂದು, ಹಣೆಯ ಮೇಲೆರಡು, ನೀಲಿ ಬಟ್ಟೆಯ ಮೂಲೆಯಲ್ಲೊಂದು ಕರಿ ಚುಕ್ಕೆ. ಗಿರಾಕಿ ಬದಲಾದರೂ ಚುಕ್ಕೆ ಬದಲಾಗುತ್ತಿರಲಿಲ್ಲ. ಪರದೆಯ ಹಿಂದೆ ಅವಳು ದಿನವೂ ಆ ನಾಲ್ಕನ್ನು ಅಳಿಸುತ್ತಿದ್ದಳು. ಹೇಳಲಿಲ್ಲ. ಕಾನೂನಿತ್ತು. ಕಾನೂನಿಲ್ಲದಿದ್ದರೂ ಹೇಳುತ್ತಿರಲಿಲ್ಲವೇನೋ.

ಏಕೆಂದರೆ ಅಷ್ಟರಲ್ಲಿ ರಾಜ್ಯ ಮುಳುಗುತ್ತಿತ್ತು. ಎಲ್ಲರ ಜೇಬಿನಲ್ಲೂ ಫೋನು, ಫೋನಿನಲ್ಲಿ ಕ್ಯಾಮೆರಾ. ದಿನಕ್ಕೆ ಅರವತ್ತು ಸಲ ಅಪ್ಪಣೆ ಕೊಡುತ್ತಿದ್ದ ದೊರೆ ಎರಡು ಸಲಕ್ಕೆ ಇಳಿದ. ಮಾತು ಕಡಿಮೆಯಾಯಿತು. ಗಿರಾಕಿಯ ಸ್ಟೂಲಿನ ಮೇಲೆ ತಾನೇ ಹೋಗಿ ಕೂತು, ಕ್ಯಾಮೆರಾದತ್ತ ನೋಡುತ್ತಾ ಮಧ್ಯಾಹ್ನವೆಲ್ಲ ಕಳೆಯುತ್ತಿದ್ದ. ಅಲ್ಲಾಡುತ್ತಲೂ ಇರಲಿಲ್ಲ. ನಿಜವಾದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಇಲ್ಲ ಎಂದರು. “ಏನೂ ಇಲ್ಲ ಅನ್ನೋದೇ ಕಾಯಿಲೆ ಸ್ವಾಮಿ” ಎಂದು ಹೆಂಡತಿ ಗೊಣಗಿಕೊಂಡು ಅವನನ್ನು ಮನೆಗೆ ಕರೆತಂದಳು.

ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದವನು ಅವಳ ತಮ್ಮ. ಅವನು ಊರಾಚೆಯ ಹಳೆಯ ನೀರಿನ ಮನೆಯಲ್ಲಿ ಪಂಪು ನೋಡಿಕೊಳ್ಳುವವನು. ಒಂದು ವಾಲ್ವ್ ಒಡೆದಿತ್ತು. ಒಡೆದದ್ದಕ್ಕೆ ಮೇಲಿನವರಿಗೆ ಫೋಟೋ ಕಳಿಸಬೇಕಿತ್ತು. ಅವನ ಫೋನಿನಲ್ಲೇ ಹೊಡೆಯಬಹುದಿತ್ತು. ಹೊಡೆಯಲಿಲ್ಲ.

“ಭಾವ, ನೀವೇ ಬರಬೇಕು. ವಾಲ್ವು ನಗ್ತಾ ಇದೆ, ನನ್ನ ಮಾತು ಕೇಳಲ್ಲ” ಎಂದು ಎಳೆದುಕೊಂಡು ಹೋದ.

ನೀರಿನ ಮನೆಯ ಹಿಂದೆ ಒಂದು ಕೊಳವಿತ್ತು. ಒಂದು ಕಾಲಕ್ಕೆ ಊರಿಗೆ ಬಿಡುವ ನೀರನ್ನು ತಿಳಿಯಾಗಲು ಅಲ್ಲಿ ನಿಲ್ಲಿಸುತ್ತಿದ್ದರು. ಹೊಸ ಯಂತ್ರ ಬಂದ ಮೇಲೆ ಕೊಳವನ್ನು ಮರೆತರು. ನಡುನಡುವೆ ಆಳೆತ್ತರ ಜೊಂಡು ಬೆಳೆಯಿತು. ವಾಲ್ವಿನ ಫೋಟೋ ಮುಗಿಸಿ ಭಾವ ಭಾವಮೈದ ಇಬ್ಬರೂ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದಾಗ ಹೊತ್ತು ಮುಳುಗಿತು, ಹಕ್ಕಿಗಳು ಬಂದವು.

ಮೊದಲು ಒಂದು ಸಾಲು ನೀರುಕಾಗೆ, ಗೆರೆ ಹಿಡಿದು ಎಳೆದ ಹಾಗೆ. ಆಮೇಲೆ ಬೆಳ್ಳಕ್ಕಿ, ಅವಕ್ಕೆ ಸಾಲಿನ ಹಂಗಿಲ್ಲ. ಆಮೇಲೆ ಕಾಡುಬಾತುಗಳು, ಸೀಟಿ ಹಾಕುತ್ತಾ, ತಡವಾಗಿ ಮನೆಗೆ ಬಂದವರು ತಾವೇ ಮೊದಲು ಜಗಳ ತೆಗೆಯುವ ಹಾಗೆ. ಹಗಲೆಲ್ಲ ಎಲ್ಲೆಲ್ಲೋ ಮೇಯ್ದು ಬಂದ ನೂರಾರು ಹಕ್ಕಿ ಕೊಳದ ಮೇಲೆ ಸುತ್ತು ಹಾಕಿ, ತಳ್ಳಾಡಿ, ಬೈದಾಡಿ, ಒಂದೊಂದಾಗಿ ಜೊಂಡಿನೊಳಗೆ ಬಿದ್ದು ಮಾಯವಾದವು. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಆಮೇಲೆ ನೋಡಿದರೆ ಅಲ್ಲೊಂದು ಜೀವವಿದೆ ಎಂದು ಯಾರೂ ನಂಬುವಂತಿರಲಿಲ್ಲ.

ಮೂವತ್ತು ಚಿಲ್ಲರೆ ವರ್ಷ ಹೆಣದಂಥ ಮುಖಗಳನ್ನೇ ನೋಡಿದವನ ಚಹಾ ಲೋಟದಲ್ಲೇ ಆರಿಹೋಯಿತು. ತನ್ನ ಅಪ್ಪಣೆಯನ್ನು ಇಷ್ಟು ಜನ ಒಟ್ಟಿಗೆ ಧಿಕ್ಕರಿಸಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಅಂದು ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡ.

ಆ ಚಳಿಗಾಲ, ಅದರ ಮುಂದಿನ ಚಳಿಗಾಲ, ಹಕ್ಕಿಗಳಿದ್ದಷ್ಟು ಕಾಲ ದಿನಾ ಸಂಜೆ ಹೋಗುತ್ತಿದ್ದ. ಕ್ಯಾಮೆರಾ ಒಯ್ಯುತ್ತಿರಲಿಲ್ಲ. “ಹಗಲೆಲ್ಲ ಅದರ ಮುಖ ನೋಡ್ತೀನಿ, ಸಂಜೆ ಕಣ್ಣಿಗೆ ರಜಾ” ಎನ್ನುತ್ತಿದ್ದ. ಹೆಂಡತಿ ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಕರೆದ. “ಹಕ್ಕಿ ನೋಡಿದ್ರೆ ನಂಗೇನು ಬಂತು, ನೀವು ಉಂಡ್ರೆ ಸಾಕು” ಎಂದಳು. ನಿಜಕ್ಕೂ ಅವಳಿಗೆ ಅಷ್ಟೇ ಬೇಕಾಗಿತ್ತು. ಆ ಕೊಳವಿರುವವರೆಗೆ ಗಂಡ ಇರುತ್ತಾನೆ ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಮೂರನೆಯ ಚಳಿಗಾಲದ ಕೊನೆಯಲ್ಲಿ ನೀರಿನ ಮನೆಯ ಗೇಟಿಗೆ ಒಂದು ಕಾಗದ ಅಂಟಿತು. ಉಪಯೋಗವಿಲ್ಲದ ಕೊಳವನ್ನು ಮಣ್ಣು ತುಂಬಿ ವಾಹನ ನಿಲ್ಲಿಸುವ ಜಾಗ ಮಾಡಲಾಗುವುದು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸತಕ್ಕದ್ದು. ಅಲ್ಲಿ ಕಾಡುಹಕ್ಕಿಗಳು ರಾತ್ರಿ ತಂಗುತ್ತವೆ ಎನ್ನುವವರು ಬಿಡದೆ ಹನ್ನೆರಡು ಸಂಜೆ ತೆಗೆದ ಹನ್ನೆರಡು ಫೋಟೋ ಕೊಡಬೇಕು. ಪ್ರತಿಯೊಂದರ ಬೆನ್ನಿಗೆ ‘ತಿದ್ದಿಲ್ಲ’ ಎಂದು ತೆಗೆದವರೂ ಮುದ್ರಿಸಿದವರೂ ರುಜು ಹಾಕಿರಬೇಕು.

“ನಾನು ಸಹಿ ಹಾಕೋ ಹಾಗಿಲ್ಲ ಭಾವ. ಅನ್ನ ಕೊಡೋರ ಮೇಲೇ ಅರ್ಜಿ ಕೊಟ್ಟ ಹಾಗಾಗುತ್ತೆ” ಎಂದ ಭಾವಮೈದ. “ಎಣಿಸೋಕೆ ಬೇಕಾದ್ರೆ ಬರ್ತೀನಿ.”

“ನೀನು ಎಣಿಸೋದು ಗೊತ್ತು. ಇಪ್ಪತ್ತಾದ ಮೇಲೆ ಕಾಲಿನ ಚಪ್ಪಲಿ ತೆಗೀತೀಯ.”

“ಇರಲಿ ಬಿಡಿ. ನಿಮ್ಮ ಕ್ಯಾಮೆರಾಗೆ ಅವು ಸಿಕ್ತಾವಾ ಅದನ್ನ ಹೇಳಿ. ಸ್ಟೂಲ್ ತರ್ಲಾ ಕೂರಿಸೋಕೆ?”

ಹೀಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಎರಡು ಮಂಡಿ ನೋವು ಮತ್ತು ಒಂದು ಮಫ್ಲರಿನೊಂದಿಗೆ ನಮ್ಮ ವೀರ ಯುದ್ಧಕ್ಕೆ ಹೊರಟ. ಹೆಗಲ ಮೇಲೆ ಮುಕ್ಕಾಲಿ, ಕೊರಳಲ್ಲಿ ಕ್ಯಾಮೆರಾ. ಕಟಿಂಗ್ ಶಾಪಿನವನು ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದು ಸೆಲ್ಯೂಟ್ ಹೊಡೆದ. “ಹುಷಾರು ಗುರುವೇ, ಮೇಲೆ ನೋಡುವಾಗ ಬಾಯಿ ಮುಚ್ಕೊಂಡಿರಿ” ಎಂದ. ಅನುಭವದ ಮಾತು.

ಮೊದಲ ಸಂಜೆಯೇ ಶತ್ರುವಿನ ಬಲ ತಿಳಿಯಿತು. ಅಂಗಡಿಯಲ್ಲಿ ಬೆಳಕು ಅವನ ಆಳು. ಬಾ ಎಂದರೆ ಬರುತ್ತಿತ್ತು, ಗುಂಡಿ ಒತ್ತಿದರೆ ಹೋಗುತ್ತಿತ್ತು. ಇಲ್ಲಿ ಬೆಳಕು ಗುಂಡಿ ಒತ್ತದೆಯೇ ಹೋಗುತ್ತಿತ್ತು. ಹಕ್ಕಿ ಬರುವ ಹೊತ್ತಿಗೆ ಬೆಳಕಿಲ್ಲ, ಬೆಳಕಿರುವ ಹೊತ್ತಿಗೆ ಹಕ್ಕಿಯಿಲ್ಲ. ಅವನಲ್ಲಿದ್ದದ್ದು ಮುಖ ಹಿಡಿಯುವ ಗಿಡ್ಡ ಲೆನ್ಸು, ಆರಡಿ ದೂರದ್ದು. ದೂರದ ಹಕ್ಕಿಗಳು ಅದಕ್ಕೆ ಎಟುಕುವಂತಿರಲಿಲ್ಲ. ಆದರೆ ಇಡೀ ಆಕಾಶವೂ ಇಡೀ ಕೊಳವೂ ಒಂದೇ ಚೌಕಟ್ಟಿಗೆ ಬರುತ್ತಿದ್ದವು. ಜೊಂಡಿಗೆ ಇಳಿದ ಮೇಲೆ ಒಂದೂ ಕಾಣುವುದಿಲ್ಲ. ಇಳಿಯುವ ಮುಂಚೆ ಎಲ್ಲವೂ ಒಟ್ಟಿಗೆ ಮೇಲೆ ಸುತ್ತುವ ಒಂದೆರಡು ನಿಮಿಷವೇ ಸಾಕ್ಷಿ. ಅದನ್ನೇ ಹಿಡಿಯಬೇಕು ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಹಕ್ಕಿ ಎಷ್ಟು ಚಿಕ್ಕದಾಗಿ ಬಂದರೇನು, ಎಣಿಸಲು ಬಂದರಾಯಿತು.

ಅಲ್ಲಾಡದೆ ನಿಲ್ಲಬೇಕಾದವನು ಈಗ ಅವನೇ. ಮಂಕು ಬೆಳಕಿಗೆ ಕ್ಯಾಮೆರಾದ ಕಣ್ಣು ನಿಧಾನವಾಗಿ ರೆಪ್ಪೆ ಬಡಿಯುತ್ತಿತ್ತು. ಅಷ್ಟು ಹೊತ್ತು ಉಸಿರು ಹಿಡಿಯುತ್ತಿದ್ದ. ಐದನೆಯ ಸಂಜೆ ಕಟ್ಟೆಯಿಂದ ಜಾರಿ ಸೊಂಟದವರೆಗೆ ಕೆಸರಲ್ಲಿ ಹೂತ. ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು ಅಲ್ಲಿಂದಲೇ ಹೊಡೆದ. ಏಳನೆಯ ಸಂಜೆ ಜ್ವರ. ಭಾವಮೈದ ಬೆನ್ನಿಗೆ ಒರಗಿ ನಿಂತ, ಇವನು ಅವನಿಗೆ ಒರಗಿ ನಿಂತು ಹೊಡೆದ. ಹನ್ನೆರಡು ಸಂಜೆ ಒಂದೂ ತಪ್ಪಲಿಲ್ಲ. ದಿನಾ ಮನೆಗೆ ಬಂದವನೇ ಕ್ಯಾಮೆರಾದ ಕಾರ್ಡು ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟು, ಮೂವತ್ತನಾಲ್ಕು ವರ್ಷ ಹೇಳಿದ ಮಾತನ್ನೇ ಹೇಳುತ್ತಿದ್ದ:

“ಚೆನ್ನಾಗಿರೋ ಒಂದನ್ನ ಆರಿಸಿ, ಸ್ವಲ್ಪ ನೀಟ್ ಮಾಡಿ ಪ್ರಿಂಟ್ ತೆಗಿ ಮಾರಾಯ್ತಿ.”

ಮಾರನೆಯ ದಿನ ಗಿರಾಕಿಯಿಲ್ಲದ ಮಧ್ಯಾಹ್ನ ಅವಳು ಫೋಟೋ ತೆರೆದಳು. ತೆರೆದು, ಎದೆಯ ಮೇಲೆ ಕೈಯಿಟ್ಟುಕೊಂಡಳು. ಬೂದು ಆಕಾಶ, ಬೂದು ನೀರು, ನಡುವೆ ಜೊಂಡಿನ ಕಪ್ಪು ಪಟ್ಟಿ. ಉಳಿದ ಜಾಗದ ತುಂಬ ಸಾಸಿವೆ ಕಾಳು ಚೆಲ್ಲಿದ ಹಾಗೆ ಚುಕ್ಕೆಗಳು. ನಾಲ್ಕಲ್ಲ, ನಲವತ್ತಲ್ಲ. ದೊಡ್ಡದು ಮಾಡಿ ನೋಡಿದಳು. ದೊಡ್ಡ ಮಂಕು ಚುಕ್ಕೆಗಳಾದವು. ರೆಕ್ಕೆಯಿಲ್ಲ, ಕೊಕ್ಕಿಲ್ಲ.

ಅವಳಿಗೆ ಅರ್ಥವಾದದ್ದು ಇಷ್ಟು: ಕ್ಯಾಮೆರಾ ಸತ್ತಿತು. ಒಳಗಿನ ಧೂಳು ಹುಣ್ಣಾಗಿ ಹರಡಿಬಿಟ್ಟಿತು, ಹೊತ್ತು ತಿರುಗಿದ್ದಕ್ಕೆ ಅಲ್ಲಾಡಿ ಫೋಟೋದಿಂದ ಫೋಟೋಕ್ಕೆ ಜಾಗ ಬದಲಿಸುತ್ತಿದೆ. ಹೋಲಿಸಿ ನೋಡಲು ಆ ದಿನಗಳಲ್ಲಿ ಒಬ್ಬ ಗಿರಾಕಿಯ ಮುಖವೂ ಇರಲಿಲ್ಲ. ಎರಡನೆಯದು ಇನ್ನೂ ಕಠಿಣ: ಹಕ್ಕಿಗಳು ಬಂದೇ ಇಲ್ಲ. ಹಕ್ಕಿಯ ಫೋಟೋ ಎಂದರೆ ಗೋಡೆಯ ಕ್ಯಾಲೆಂಡರಿನಲ್ಲಿದ್ದದ್ದು ಅವಳಿಗೆ ಗೊತ್ತು: ಒಂದೇ ಹಕ್ಕಿ, ಚೌಕಟ್ಟಿನ ತುಂಬ, ಕಣ್ಣಿನೊಳಗಿನ ಹೊಳಪು ಸಹಿತ. ಇಲ್ಲಿ ಖಾಲಿ ನೀರನ್ನು ಹೊಡೆದುಕೊಂಡು ಬಂದು ಈ ಮನುಷ್ಯ ‘ಎಂಟುನೂರು ಇದ್ದವು ಕಣೇ’ ಎಂದು ಉಣ್ಣುತ್ತಿದ್ದಾನೆ. ಇದನ್ನು ಅವನಿಗೆ ಯಾವ ಬಾಯಲ್ಲಿ ಹೇಳುವುದು? ತಮ್ಮನನ್ನು ಕೇಳಬಹುದಿತ್ತು. ಕೇಳಿದರೆ ಗಂಡನ ಬುದ್ಧಿಯ ಮೇಲೆ ಅನುಮಾನಪಟ್ಟ ಹಾಗೆ. ಆ ಮಾತು ತಮ್ಮನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕಾನೂನು ನೆನಪಿಸಿಕೊಂಡಳು, ಕನ್ನಡಕ ಹಾಕಿಕೊಂಡಳು, ಅಳಿಸಲು ಕೂತಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಹನ್ನೆರಡು ಮಧ್ಯಾಹ್ನ ದುಡಿಯಿತು. ಒಂದೊಂದೇ ಹಕ್ಕಿಯನ್ನು ಹುಡುಕಿ, ಪಕ್ಕದ ಆಕಾಶದ ಬಣ್ಣವನ್ನೇ ತೆಗೆದು ಅದರ ಮೇಲೆ ಹಚ್ಚಿ, ಗುರುತು ಕಾಣದಂತೆ ನಯಮಾಡಿದಳು. ನೀರಿನ ಮೇಲೆ ಆಗಲೇ ಇಳಿದಿದ್ದ ಬಾತುಗಳನ್ನೂ ಬಿಡಲಿಲ್ಲ. ಕೊಳಕ್ಕೆ ಇಸ್ತ್ರಿ ಹಾಕಿದ ಹಾಗಾಯಿತು. ಸುಳ್ಳು ಹೇಳಬಾರದು, ಅವಳ ಜೀವಮಾನದ ಅತ್ಯುತ್ತಮ ಕೆಲಸ ಅದು. ಬೆರಳಿನ ಗೆಣ್ಣು ಊದಿತು. ಬಿಸಿನೀರಿನಲ್ಲಿ ಅದ್ದಿಕೊಂಡು ಮತ್ತೆ ಕೂತಳು. ಮುಗಿದದ್ದನ್ನು ಹಳೆಯದರ ಮೇಲೇ ಉಳಿಸಿದಳು, ಉಳಿದವನ್ನು ಅಳಿಸಿ ಕಾರ್ಡು ಖಾಲಿ ಮಾಡಿ ಸಂಜೆಗೆ ಸಿದ್ಧವಾಗಿ ಅವನ ಕೈಗಿಟ್ಟಳು. ಅಂಗಡಿಯಲ್ಲಿದ್ದದ್ದು ಒಂದೇ ಕಾರ್ಡು, ಕಂಪ್ಯೂಟರಿನಲ್ಲಿ ಅಂಗೈಯಗಲ ಜಾಗ; ಯಾವತ್ತೂ ಮಾಡುತ್ತಿದ್ದದ್ದು ಹಾಗೆಯೇ.

ಹನ್ನೆರಡು ಪ್ರಿಂಟಿನ ಬೆನ್ನಿಗೂ ‘ತಿದ್ದಿಲ್ಲ’ ಎಂದು ಬರೆದು ಅವಳು ಸಲೀಸಾಗಿ ರುಜು ಹಾಕಿದಳು. ಧೂಳು ಒರೆಸುವುದು ತಿದ್ದುವುದೇ? ಮುಖದ ಮೂಗನ್ನು ಅವಳು ಯಾವತ್ತಾದರೂ ಮುಟ್ಟಿದ್ದುಂಟೇ? ಗಂಡನಿಗೆ ಪ್ರಿಂಟುಗಳ ಬೆನ್ನನ್ನಷ್ಟೇ ತೋರಿಸಿ ಅವನ ರುಜುವನ್ನೂ ಹಾಕಿಸಿಕೊಂಡಳು. ಲಕೋಟೆಗೆ ಹಾಕಿ ಗೋಂದು ಬಳಿದಳು. ಅವನು ತೆರೆದು ನೋಡಲು ಕೇಳಲಿಲ್ಲ, ಹಾಗೆಯೇ ಒಯ್ದು ಕಚೇರಿಗೆ ಒಪ್ಪಿಸಿ ಬಂದ. ಮೂರು ದಿನದ ಬಳಿಕ ಹಕ್ಕಿಗಳು ಆ ವರ್ಷಕ್ಕೆ ಹೊರಟುಹೋದವು. ಎರಡು ವಾರದ ಮೇಲೆ ವಿಚಾರಣೆ.

ವಿಚಾರಣೆಯ ಅಧಿಕಾರಿ ಒಳ್ಳೆಯವರೇ. ಬೆಳಗಿನಿಂದ ಹದಿನಾರು ಜನ ವಾಹನ ನಿಲ್ಲಿಸಲು ಜಾಗವಿಲ್ಲ ಎಂದು ಅತ್ತದ್ದನ್ನು ಕೇಳಿ ಸುಸ್ತಾಗಿದ್ದರು. ಅಲ್ಲಾಡಬೇಡಿ ಒಳಗೆ ಬಂದಾಗ ಅವರಿಗೆ ಖುಷಿಯೇ ಆಯಿತು.

“ಬನ್ನಿ ಬನ್ನಿ. ನನ್ನ ಪಾಸ್‌ಪೋರ್ಟ್ ಫೋಟೋ ತೆಗೆದವರು ನೀವೇ ಅಲ್ವಾ? ಕಳ್ಳನ ಹಾಗೆ ಬಂದಿದೆ. ಕೂತ್ಕೊಳ್ಳಿ.”

“ಅಲ್ಲಾಡಿದ್ರಿ ಅನ್ಸುತ್ತೆ ಸಾರ್.”

ಅಧಿಕಾರಿ ನಗುತ್ತಲೇ ಲಕೋಟೆ ಒಡೆದು ಹನ್ನೆರಡನ್ನೂ ಮೇಜಿನ ಮೇಲೆ ಮೂರು ಸಾಲಾಗಿ ಜೋಡಿಸಿದರು. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಇಟ್ಟರು. ಇನ್ನೊಂದನ್ನು ಎತ್ತಿದರು.

“ಬಹಳ ಶಾಂತವಾಗಿದೆ. ಮನೆಯಲ್ಲಿ ತೂಗುಹಾಕೋ ಹಾಗಿದೆ. ಹಕ್ಕಿ ಎಲ್ಲಿ?”

ಅಲ್ಲಾಡಬೇಡಿ ಮೇಜಿನ ಮೇಲೆ ಬಗ್ಗಿದ. ಅದನ್ನು ತಿಳಿಯಲು ಅವನಿಗೆ ಎರಡನೆಯ ಸಲ ನೋಡಬೇಕಾಗಲಿಲ್ಲ. ಆ ನಯ ಯಾರ ಕೈಯದೆಂದು ಊರಿನಲ್ಲಿ ಇನ್ನಾರಿಗೂ ಗೊತ್ತಾಗದು, ಅವನಿಗೆ ಗೊತ್ತು. ಗಿರಾಕಿಗಳು ಲಕೋಟೆ ಒಡೆದಾಗಲೆಲ್ಲ ಎಷ್ಟು ಸಾವಿರ ಹಣೆಗಳ ಮೇಲೆ ಅವನು ಆ ಆಕಾಶವನ್ನು ಕಂಡಿದ್ದನೋ.

ಅಧಿಕಾರಿ ನಗು ನಿಲ್ಲಿಸಿದರು. ಫೋಟೋಗಳನ್ನು ಮಗುಚಿ ಬೆನ್ನಿನ ರುಜುಗಳನ್ನು ಓದಿದರು. ದನಿ ತಗ್ಗಿಸಿ ಹೇಳಿದರು:

“ನೋಡಿ, ನನಗೆ ಬರೆಯೋಕೆ ಇರೋದು ಎರಡೇ ಮಾತು. ಹಕ್ಕಿ ಇತ್ತು, ಯಾರೋ ಫೋಟೋದಲ್ಲಿ ಕೈಯಾಡಿಸಿದ್ರು ಅಂದ್ರೆ, ತಿದ್ದಿಲ್ಲ ಅಂತ ಸುಳ್ಳು ರುಜು ಹಾಕಿದ್ದಕ್ಕೆ ನಾನು ಮೇಲಕ್ಕೆ ಬರೀಲೇಬೇಕು. ಇಲ್ಲಿರೋ ಈ ಎರಡನೇ ರುಜು ಯಾರದ್ದು?”

“ನಮ್ಮ ಮನೆಯವಳದ್ದು.”

“ಮುದ್ರಿಸಿದವರು ಅವರೇ, ಅವರ ಮೇಲೆ ಕೇಸಾಗುತ್ತೆ. ಕೇಸಾದ್ರೆ ವಿಚಾರಣೆ ಮುಂದಕ್ಕೆ ಹೋಗುತ್ತೆ, ಕೊಳನೂ ಒಂದು ವರ್ಷ ಉಳಿಯಬಹುದು. ಯಾರೂ ಕೈಯಾಡಿಸಿಲ್ಲ ಅಂದ್ರೆ, ಹಕ್ಕಿ ಇಲ್ಲ ಅಂತ ಬರೆದು ಇವತ್ತೇ ಮುಗಿಸ್ತೀನಿ. ಹೇಳಿ.”

ಗೋಡೆಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು. ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲದೆ ಇನ್ನಾರಿಗೋ ಬೈಯುತ್ತಿದ್ದರು. ಮಹಾಯುದ್ಧಗಳಲ್ಲಿ ಇಂಥ ಹೊತ್ತಿಗೆ ಶಂಖ ಊದುತ್ತಾರೆ. ಇಲ್ಲಿ ಜವಾನ ಬಂದು ಸಾಹೇಬರಿಗೆ ಚಹಾ ಇಟ್ಟು ಹೋದ.

“ಯಾರೂ ಮುಟ್ಟಿಲ್ಲ ಸಾರ್” ಎಂದ ಅಲ್ಲಾಡಬೇಡಿ. “ಹಕ್ಕಿ ಬಂದಿರಲಿಲ್ಲ.”

“ಹನ್ನೆರಡು ದಿನವೂ?”

“ಹನ್ನೆರಡು ದಿನವೂ.”

ಅಧಿಕಾರಿ ಅವನನ್ನು ಒಂದು ಕ್ಷಣ ನೋಡಿ, ಬರೆದು, ಕಾಗದ ತಿರುಗಿಸಿದರು. ಅವನು ರುಜು ಹಾಕಿದ.

ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. “ಏನಂದ್ರು ರೀ?”

“ಫೋಟೋ ಬಹಳ ಚೆನ್ನಾಗಿದೆ ಅಂದ್ರು. ಮನೆಯಲ್ಲಿ ತೂಗುಹಾಕೋ ಹಾಗಿದೆಯಂತೆ.”

“ಮತ್ತೆ ಕೊಳ?”

“ಅದಾಗಲ್ಲ ಅಂದ್ರು. ಮೇಲಿಂದ ಮೊದಲೇ ತೀರ್ಮಾನ ಆಗಿತ್ತಂತೆ.”

ಅವಳು ಮೇಲಿನವರಿಗೆ ಒಂದು ಸುತ್ತು ಬೈದಳು. ಆಮೇಲೆ ಅವನ ಪಕ್ಕದಲ್ಲಿ ಕೂತು, ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿದ್ದನ್ನು ಹೊರಗೆ ಹಾಕಿದಳು. ಕಾನೂನು ಮುರಿದದ್ದು ಅದೇ ಮೊದಲು.

“ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಕ್ಯಾಮೆರಾ ಒಳಗೆ ಧೂಳು ತುಂಬ್ಕೊಂಡಿದೆ. ಎಂಟು ವರ್ಷದಿಂದ ನಾನು ಅಳಿಸ್ತಾನೇ ಇದ್ದೆ. ಈ ಸಲ ತುಂಬಾ ಜಾಸ್ತಿ ಆಗಿತ್ತು. ನೀವು ನೊಂದ್ಕೋತೀರ ಅಂತ ಬಾಯಿ ಬಿಡಲಿಲ್ಲ. ಒಂದೂ ಬಿಡದೆ ತೆಗೆದಿದ್ದೀನಿ, ಅವರಿಗೂ ಗೊತ್ತಾಗಲಿಲ್ಲ ನೋಡಿ.”

ಅವನು ಅವಳ ಊದಿದ ಬೆರಳನ್ನು ನೋಡಿದ. “ಗೊತ್ತಾಗಲಿಲ್ಲ” ಎಂದ.

ಮಣ್ಣಿನ ಲಾರಿಗಳು ಒಂಬತ್ತು ದಿನ ಓಡಾಡಿದವು. ಜೊಂಡು ಮೊದಲು ಬಾಗಿತು, ಆಮೇಲೆ ಮುಳುಗಿತು, ಆಮೇಲೆ ಅದರ ಮೇಲೆ ರೋಲರ್ ಹೋಯಿತು. ಭಾವಮೈದ ಒಂದು ದಿನ ಬಂದು, “ಅಲ್ಲ ಭಾವ, ಎಂಟುನೂರು ಹಕ್ಕಿ ಇತ್ತಲ್ಲ ಫೋಟೋದಲ್ಲಿ, ಅವರಿಗೆ ಕಣ್ಣಿಲ್ವಾ?” ಎಂದು ಕೇಳಿದ. “ಚಿಕ್ಕದಾಗಿ ಬಂದಿತ್ತು, ಕಾಣಲಿಲ್ಲ” ಎಂದ ಅಲ್ಲಾಡಬೇಡಿ. ಸುಳ್ಳೇನಲ್ಲ. ಆ ಬೇಸಿಗೆ ಪೂರ್ತಿ, ಮಳೆಗಾಲ ಪೂರ್ತಿ ಅವನು ಅಂಗಡಿಯ ಬಾಗಿಲು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ನಡುವೆ ಏನು ಮಾಡುತ್ತಿದ್ದ ಎಂದು ಕೇಳಿದರೆ ಎದುರಿನ ಕಟಿಂಗ್ ಶಾಪಿನವನೂ ಹೇಳಲಾರ. ತಮಾಷೆ ಮಾಡುವುದನ್ನು ಅವನೂ ನಿಲ್ಲಿಸಿದ್ದ. ಹೆಂಡತಿ ಹೊಸ ಕ್ಯಾಮೆರಾ ತಗೊಳ್ಳೋಣ ಎಂದಳು, ಬೇರೆ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರೋಣ ಎಂದಳು. ಆಗಲಿ ಎನ್ನುತ್ತಿದ್ದ, ಏಳುತ್ತಿರಲಿಲ್ಲ.

ಚಳಿ ಮತ್ತೆ ಬಂತು. ಒಂದು ಸಂಜೆ ಅವಳು ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬೂದು ಆಕಾಶದಲ್ಲಿ ಚುಕ್ಕೆಗಳು ಕಂಡವು. ಕನ್ನಡಕಕ್ಕೆ ಧೂಳು ಕೂತಿದೆ ಎಂದು ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹೋಗಲಿಲ್ಲ. ಎಲ್ಲವೂ ಒಟ್ಟಿಗೆ ಎಡಕ್ಕೆ ವಾಲಿ, ಊರಾಚೆಯ ಆ ಮಟ್ಟಸ ನೆಲದ ಮೇಲೆ ಒಂದು ಸುತ್ತು ಹಾಕಿ, ಇಳಿಯಲು ಹೋಗಿ, ಮತ್ತೆ ಮೇಲೆದ್ದವು. ದೂರದಿಂದ ಸೀಟಿಯ ಸದ್ದು ಕೇಳಿಸಿತು.

ಅವಳು ಕೂಗಿದ ದನಿಗೆ ಅವನು ಮಂಡಿ ನೋವು ಮರೆತು ಮೆಟ್ಟಿಲು ಹತ್ತಿ ಬಂದ. ಬಂದವನು ಮೇಲೆ ನೋಡಿದ. ಅವಳ ಮುಖ ನೋಡಿದ.

“ರೀ, ಇವೇನಾ?”

“ಹೂಂ.”

“ಇಷ್ಟೇ ಇಷ್ಟಾ ಇರೋದು?”

“ದೂರದಿಂದ ಇಷ್ಟೇ.”

ಅವಳು ಬೆರಳು ಚಾಚಿ ಚುಕ್ಕೆಗಳನ್ನು ಎಣಿಸಲು ಹೊರಟಳು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿದ್ದದ್ದೂ ತಿಳಿಯಲಿಲ್ಲ.

“ಕೊನೇ ದಿನದ್ದರಲ್ಲಿ ಎಂಟುನೂರ ಅರವತ್ತೊಂದು ಇತ್ತು. ಬೆರಳು ನೋಯ್ತಿತ್ತು ಅಂತ ನೂರಕ್ಕೊಂದು ಸಲ ನಿಲ್ಲಿಸ್ತಿದ್ದೆ, ಅದಕ್ಕೇ ಲೆಕ್ಕ ಸಿಕ್ಕಿತು.” ಅವನತ್ತ ತಿರುಗಿದಳು. “ಅವತ್ತೇ ಗೊತ್ತಾಯ್ತಾ ನಿಮಗೆ?”

“ಮೇಜಿನ ಮೇಲೆ ಇಟ್ಟ ತಕ್ಷಣ.”

“ಸಾಹೇಬರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿನ್ನ ಮೇಲೆ ಕೇಸ್ ಆಗ್ತಿತ್ತು.”

“ಕೊಳ?”

“ಒಂದು ವರ್ಷ ಉಳೀತಿತ್ತೇನೋ.”

“ಆಗ್ಲಿ ಬಿಡಿ ಅನ್ನಬೇಕಿತ್ತು” ಎಂದಳು ಅವಳು. ದನಿಯಲ್ಲಿ ಸಿಟ್ಟಿತ್ತು, ಅಳು ಇರಲಿಲ್ಲ. “ನನ್ನ ಹೆಸರೇನು ಎಂಟುನೂರು ಜೀವಕ್ಕಿಂತ ದೊಡ್ಡದಾ? ಒಂದು ವರ್ಷ ಕೋರ್ಟಿಗೆ ಅಲೆದಿದ್ರೆ ನಾನೇನು ಸವೆದು ಹೋಗ್ತಿದ್ನಾ?”

“ಅವತ್ತು ನಿನ್ನ ಹೆಸರೇ ದೊಡ್ಡದು ಅನ್ನಿಸ್ತು.”

“ಈಗ?”

ಅವನು ಊರಾಚೆಯ ಆ ನೆಲದತ್ತ ತಿರುಗಿದ. ವಾಹನ ನಿಲ್ಲಿಸುವ ಜಾಗದಲ್ಲಿ ಎತ್ತರದ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಹಕ್ಕಿಗಳು ಆ ಬೆಳಕಿನಿಂದ ಹಿಂದೆ ಸರಿದು ಇನ್ನೊಮ್ಮೆ ಸುತ್ತಿದವು, ಆಮೇಲೆ ಇನ್ನೊಮ್ಮೆ. ನೀರುಕಾಗೆಗಳ ಸಾಲು ತುಂಡಾಯಿತು. ಮುಂದಿನ ತುಂಡು ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಹೊರಟಿತು.

“ಎಲ್ಲಿಗೆ ಹೋಗ್ತಾವೆ?” ಎಂದಳು.

“ಗೊತ್ತಿಲ್ಲ.”

ಕತ್ತಲು ಕವಿದು ಯಾವುದು ಹಕ್ಕಿ, ಯಾವುದು ಆಕಾಶ ಎಂದು ಹೇಳಲು ಬಾರದಂತಾಗುವವರೆಗೆ ಇಬ್ಬರೂ ಅಲ್ಲೇ ನಿಂತರು. ಅವಳು ಬಿದ್ದ ಬಟ್ಟೆಗಳನ್ನು ಆರಿಸಿಕೊಂಡು ಮೊದಲು ಇಳಿದಳು.